ಒಂದೇ ಲೈಟ್, ಒಂದು ಮುಖ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ, ಮುಂಜಿ, ಗೃಹಪ್ರವೇಶದ ಫೋಟೊ ತೆಗೆಯುವುದು ನನ್ನ ಹೊಟ್ಟೆಪಾಡು. ಒಬ್ಬರನ್ನು ಸುಮ್ನೆ ಕುರ್ಚಿಯಲ್ಲಿ ಕೂರಿಸಿ, ಒಂದೇ ಲೈಟ್ ಹಚ್ಚಿ, ಅರ್ಧ ಮುಖವನ್ನು ಕತ್ತಲಿಗೆ ಬಿಟ್ಟು ತೆಗೆಯುವುದು ನನ್ನ ಹುಚ್ಚು. ಈ ಎರಡನೇ ಜಾತಿಯ ಫೋಟೊ ನೋಡಿದವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಹೊಸದಾಗಿ ಕ್ಯಾಮೆರಾ ಹಿಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಒಂದೇ ಲೈಟ್ ಸಾಕಾ? ಸ್ಟುಡಿಯೊಗಳಲ್ಲಿ ಮೂರು ನಾಲ್ಕು ಇರುತ್ತಲ್ಲ?

ಸಾಕು. ಸ್ಟುಡಿಯೊದಲ್ಲಿ ಎರಡನೇ ಲೈಟ್ ಇಡುವುದೇ ಹೆಚ್ಚಾಗಿ ಮೊದಲನೆಯದು ಮಾಡಿದ ನೆರಳನ್ನು ಅಳಿಸಲಿಕ್ಕೆ. ಪಾಸ್‌ಪೋರ್ಟ್ ಫೋಟೊಗೆ ಅದು ಸರಿ. ನಮಗೆ ಆ ನೆರಳೇ ಬೇಕು.

ಒಂದೇ ಲೈಟ್ ಇಟ್ಟಿದ್ದೀನಿ, ಉಳಿದದ್ದೆಲ್ಲ ಆರಿಸಿದ್ದೀನಿ. ಆದರೂ ಫೋಟೊ ಚಪ್ಪಟೆಯಾಗಿ ಬರುತ್ತೆ. ಯಾಕೆ?

ನಿಮ್ಮ ರೂಮಿನ ಗೋಡೆಗೆ ಯಾವ ಬಣ್ಣ? ಬಿಳಿ ಅಥವಾ ತಿಳಿ ಕೆನೆ ಬಣ್ಣ ಇರಬೇಕು. ಅಲ್ಲೇ ಇರುವುದು ತೊಂದರೆ.

ನಮ್ಮ ಮನೆಗಳ ರೂಮು ಹತ್ತಡಿಗೆ ಹತ್ತಡಿ. ಬಿಳಿ ಗೋಡೆ, ಬಿಳಿ ತಾರಸಿ, ಕೆಳಗೆ ಹೊಳೆಯುವ ಟೈಲ್ಸ್. ಎಡಗಡೆ ಇಟ್ಟ ಬಲ್ಬಿನ ಬೆಳಕು ಬಲಗಡೆಯ ಗೋಡೆಗೆ ಬಡಿದು ವಾಪಸ್ ಬಂದು ನೆರಳಿನ ಕೆನ್ನೆಯನ್ನು ತುಂಬಿಬಿಡುತ್ತದೆ. ನೀವು ಇಟ್ಟದ್ದು ಒಂದೇ ಲೈಟ್, ನಿಜ. ಗೋಡೆಗಳು ಇನ್ನೂ ಮೂರು ಇಟ್ಟಿವೆ.

ಇದು ನನಗೆ ಗೊತ್ತಾದದ್ದು ನಮ್ಮ ಸೋದರತ್ತೆಯ ಫೋಟೊ ತೆಗೆಯುವಾಗ. ಸಂಜೆ ಹೊತ್ತು, ಕಿಟಕಿ ಮುಚ್ಚಿ, ಮಂಚದ ಕಾಲಿಗೆ ಕೋಲು ಕಟ್ಟಿ ಅದಕ್ಕೊಂದು ಬಲ್ಬ್ ತೂಗುಹಾಕಿದ್ದೆ. ಎಷ್ಟು ಸರಿಸಿದರೂ ಮುಖ ಇಡ್ಲಿ ಥರ ಒಂದೇ ಸಮ ಬೆಳ್ಳಗೆ. ಕೊನೆಗೆ ಅತ್ತೆಯ ಮೊಮ್ಮಗನಿಗೆ ಅಟ್ಟದ ಮೇಲಿದ್ದ ಕರಿ ಕಂಬಳಿ ಕೊಟ್ಟು, ನೆರಳಿನ ಕಡೆ ಒಂದು ಮೊಳ ದೂರದಲ್ಲಿ ಹಿಡಿದು ನಿಲ್ಲಿಸಿದೆ. ಕಣ್ಣೆದುರೇ ಆ ಕೆನ್ನೆ ಕತ್ತಲಿಗೆ ಇಳಿಯಿತು. ಕಿವಿಯ ಓಲೆ ಮಾಯವಾಯಿತು. ಬೆಳಕಿನ ಕಡೆ ಹಣೆಯ ಗೆರೆ ಒಂದೊಂದೂ ಎದ್ದು ನಿಂತಿತು, ಮೂಗುಬೊಟ್ಟಿನ ಹರಳಲ್ಲಿ ಮಾತ್ರ ಒಂದು ಕಿಡಿ. ‘ಕರಡಿ ಹಿಡಿಯೋರ ಥರ ಕಂಬಳಿ ಹಿಡ್ಕೊಂಡು ನಿಂತಿದೀರಲ್ಲೋ’ ಅಂತ ಅತ್ತೆ ಬೈದರು. ಬೈಯುವಾಗ ಬಾಯಿ ಅರ್ಧ ತೆರೆದಿತ್ತು. ಆ ಹೊತ್ತಿನ ಫೋಟೊವೇ ನನಗೆ ಇಷ್ಟ.

ಕಂಬಳಿ ಇಲ್ಲವಾ? ಕರಿ ಬೆಡ್‌ಶೀಟ್, ಕಪ್ಪು ಛತ್ರಿ, ಕಪ್ಪು ಬುರ್ಖಾ ಬಟ್ಟೆ, ಏನಾದರೂ ಆಗುತ್ತದೆ. ಹೊಳಪು ಇರಬಾರದು, ಅಷ್ಟೆ. ಸ್ಯಾಟಿನ್ ಬಟ್ಟೆ ಕಪ್ಪಾಗಿದ್ದರೂ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಉಣ್ಣೆಯ ಕಂಬಳಿ ನುಂಗಿಬಿಡುತ್ತದೆ. ಹೊಸ ಲೈಟಿಗೆ ದುಡ್ಡು ಹಾಕುವ ಮುಂಚೆ ಈ ಒಂದು ಕೆಲಸ ಮಾಡಿ ನೋಡಿ.

ಹಾಗಾದರೆ ಯಾವ ಲೈಟ್ ತಗೊಳ್ಳಲಿ?

ಕಲಿಯಲಿಕ್ಕೆ 12 ವ್ಯಾಟಿನ ಎಲ್‌ಇಡಿ ಬಲ್ಬ್, ಒಂದು ಹೋಲ್ಡರ್, ಉದ್ದ ವೈರ್. ಉರಿಯುತ್ತಲೇ ಇರುವ ಲೈಟ್ ಆದ್ದರಿಂದ ನೆರಳು ಎಲ್ಲಿ ಬೀಳುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಫ್ಲ್ಯಾಷ್‌ನಲ್ಲಿ ಹಾಗಲ್ಲ, ಹೊಡೆದ ಮೇಲೇ ಗೊತ್ತಾಗುವುದು. ಕೈ ಕುದುರಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಮ್ಯಾನ್ಯುಯಲ್ (ಪವರ್ ನಾವೇ ಇಡುವ) ಫ್ಲ್ಯಾಷ್, ಅದನ್ನು ದೂರದಿಂದ ಹೊಡೆಸುವ ಟ್ರಿಗರ್, ಸ್ಟ್ಯಾಂಡ್, ಬೆಳಕನ್ನು ಮೆದು ಮಾಡುವ ಫೋಟೊ ಛತ್ರಿ ತಗೊಳ್ಳಿ. ಎಲ್‌ಇಡಿ ಪ್ಯಾನೆಲ್ ಕೊಳ್ಳುವುದಾದರೆ ಡಬ್ಬದ ಮೇಲೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದರ ಅಂಕವಾದ ಸಿಆರ್‌ಐ 90ಕ್ಕಿಂತ ಜಾಸ್ತಿ ಇದೆಯಾ ನೋಡಿ. ಕಡಿಮೆ ಇದ್ದರೆ ಚರ್ಮದ ಬಣ್ಣ ಕಾಯಿಲೆ ಬಿದ್ದವರ ಹಾಗೆ ಮಂಕಾಗುತ್ತದೆ.

ರಿಂಗ್ ಲೈಟ್ ಇದೆ, ಅದರಲ್ಲಿ ಆಗುತ್ತಾ?

ಅದರ ತೂತಿನಲ್ಲಿ ಕ್ಯಾಮೆರಾ ಇಟ್ಟು ಎದುರಿನಿಂದ ಹೊಡೆದರೆ ಆಗಲ್ಲ. ಅದನ್ನು ಮಾಡಿರುವುದೇ ನೆರಳು ಬೀಳದಿರಲಿ ಅಂತ. ಆ ಸ್ಟ್ಯಾಂಡನ್ನು ಎತ್ತಿ ಪಕ್ಕಕ್ಕಿಟ್ಟರೆ ಅದೂ ಒಂದು ಲೈಟೇ ಅಲ್ವಾ? ಆಗುತ್ತದೆ.

ಲೈಟನ್ನು ಎಲ್ಲಿಡಬೇಕು? 45 ಡಿಗ್ರಿ ಅಂತಾರಲ್ಲ?

ಡಿಗ್ರಿ ಮರೆತುಬಿಡಿ. ಮೂಗಿನ ನೆರಳು ನೋಡಿ.

ಕೂತವರ ಮೂಗು ಕ್ಯಾಮೆರಾ ಕಡೆ ಇರಲಿ. ಬಲ್ಬನ್ನು ಕೈಯಲ್ಲಿ ಹಿಡಿದು, ಅವರ ತಲೆಗಿಂತ ಒಂದು ಗೇಣು ಮೇಲೆ ಎತ್ತಿ, ಕ್ಯಾಮೆರಾ ಪಕ್ಕದಿಂದ ಶುರುಮಾಡಿ ನಿಧಾನವಾಗಿ ಅವರ ಸುತ್ತ ನಡೆಯಿರಿ. ಎದುರಿಗಿದ್ದಾಗ ನೆರಳು ಮೂಗಿನ ಕೆಳಗೆ ಚಿಟ್ಟೆಯ ಆಕಾರದಲ್ಲಿ ಬೀಳುತ್ತದೆ. ಹಳೇ ಹಾಲಿವುಡ್ ನಟಿಯರ ಫೋಟೊಗಳಲ್ಲಿ ಕಾಣುವುದು ಇದೇ. ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ನೆರಳು ಕೆನ್ನೆಯ ಕಡೆ ಓರೆಯಾಗಿ ಇಳಿಯುತ್ತದೆ. ಮುಖ ಸೌಮ್ಯವಾಗಿರುತ್ತದೆ, ಮದುವೆ ಮಾತುಕತೆಗೆ ಕಳಿಸುವ ಫೋಟೊಗೆ ಚೆನ್ನ. ಇನ್ನೂ ಮುಂದೆ ಹೋದರೆ ಮೂಗಿನ ನೆರಳು ಹೋಗಿ ಕೆನ್ನೆಯ ನೆರಳಿಗೆ ಕೂಡಿಕೊಳ್ಳುತ್ತದೆ. ನೆರಳಿನ ಕಡೆಯ ಕಣ್ಣಿನ ಕೆಳಗೆ ಒಂದು ಚೂರು ಬೆಳಕು ಮಾತ್ರ ತ್ರಿಕೋನವಾಗಿ ಉಳಿಯುತ್ತದೆ. ನೇರ ಪಕ್ಕಕ್ಕೆ ಬಂದರೆ ಮುಖ ಎರಡು ಹೋಳು. ಅದಕ್ಕೂ ಹಿಂದೆ ಹೋದರೆ ಕೆನ್ನೆಯ ಅಂಚು, ಮೂಗಿನ ಗೆರೆ ಮಾತ್ರ.

ಹತ್ತು ಹೆಜ್ಜೆಯೊಳಗೆ ಐದು ಬೇರೆ ಬೇರೆ ಮುಖ ಸಿಗುತ್ತವೆ. ಮೊದಲ ದಿನ ಕ್ಯಾಮೆರಾ ಮುಟ್ಟದೆ ಬರೀ ಇದನ್ನೇ ಮಾಡಿ. ಮನೆಯಲ್ಲಿ ಯಾರೂ ಕೂರಲು ಒಪ್ಪದಿದ್ದರೆ ಗೌರಿ ಮುಖವಾಡವೋ ಬಟ್ಟೆ ಅಂಗಡಿಯ ಬೊಂಬೆಯ ತಲೆಯೋ ಆದೀತು. ಮೂಗು ಚೂಪಾಗಿರಬೇಕು.

ರೆಂಬ್ರಾಂಟ್ ಲೈಟಿಂಗ್ ಅಂದರೆ ಆ ತ್ರಿಕೋನವೇನಾ? ನನಗೆ ಬರ್ತಾನೇ ಇಲ್ಲ.

ಅದೇ. 1606ರಲ್ಲಿ ಹುಟ್ಟಿ 1669ರಲ್ಲಿ ತೀರಿಕೊಂಡ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರು ಇದಕ್ಕೆ ಅಂಟಿಕೊಂಡಿದೆ. ತ್ರಿಕೋನ ಕಣ್ಣಿಗಿಂತ ಅಗಲ ಇರಬಾರದು, ಮೂಗಿಗಿಂತ ಉದ್ದ ಇರಬಾರದು ಅನ್ನುವುದು ಫೋಟೊಗ್ರಾಫರುಗಳ ಲೆಕ್ಕ. ಬರದಿದ್ದರೆ ಸಾಮಾನ್ಯವಾಗಿ ಲೈಟ್ ತಗ್ಗಿನಲ್ಲಿರುತ್ತದೆ. ಒಂದು ಗೇಣು ಎತ್ತಿ. ಆಗಲೂ ಬರದಿದ್ದರೆ ಅವರ ಮೂಗು ಚಿಕ್ಕದು, ಕೆನ್ನೆ ತುಂಬಿಕೊಂಡದ್ದು ಅಂತ ಅರ್ಥ. ಲೈಟ್ ಅಲ್ಲೇ ಇರಲಿ, ಮುಖವನ್ನು ಒಂದು ಚೂರು ಲೈಟಿನಿಂದ ಆಚೆ ತಿರುಗಿಸಿ.

ಆದರೆ ತ್ರಿಕೋನದ ಹಿಂದೆ ಬಿದ್ದು ಜನ ಇಡೀ ರಾತ್ರಿ ಹಾಳುಮಾಡಿಕೊಳ್ಳುವುದನ್ನು ನೋಡಿದ್ದೇನೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟ್ ಸುಮಾರು 1628ರಲ್ಲಿ ಬರೆದುಕೊಂಡ ತನ್ನದೇ ಚಿತ್ರ ಇದೆ. ಅದರಲ್ಲಿ ಬೆಳಕು ಹಿಂದಿನ ಓರೆಯಿಂದ ಬಂದು ಕಿವಿ, ಕತ್ತು, ಒಂದು ಕೆನ್ನೆಯ ಮೇಲೆ ಬಿದ್ದಿದೆ. ಕಣ್ಣೆರಡೂ ನೆರಳಲ್ಲಿ. ಗುಂಗುರು ಕೂದಲನ್ನು ಹಸಿ ಬಣ್ಣದ ಮೇಲೆ ಕುಂಚದ ಹಿಡಿಯಿಂದ ಗೀರಿ ತೋರಿಸಿದ್ದಾನೆ. ಇಪ್ಪತ್ತೆರಡರ ಹುಡುಗ ತನ್ನ ಕಣ್ಣನ್ನೇ ಕತ್ತಲಲ್ಲಿ ಮುಚ್ಚಿಟ್ಟ. ರೆಂಬ್ರಾಂಟ್‌ಗೇ ಆ ತ್ರಿಕೋನ ಕಡ್ಡಾಯ ಆಗಿರಲಿಲ್ಲ.

ಮುಖ ಸ್ವಲ್ಪ ತಿರುಗಿದ್ದರೆ ಯಾವ ಕಡೆಯಿಂದ ಲೈಟ್ ಹಾಕಲಿ?

ಮೂಗು ಯಾವ ಕಡೆ ತಿರುಗಿದೆಯೋ ಆ ಕಡೆಯಿಂದ. ಆಗ ಕ್ಯಾಮೆರಾಗೆ ಹತ್ತಿರದ ಅಗಲ ಕೆನ್ನೆ ನೆರಳಲ್ಲಿರುತ್ತದೆ. ಮುಖ ಸಣ್ಣಗೆ ಕಾಣುತ್ತದೆ, ಗಂಭೀರವೂ ಆಗುತ್ತದೆ. ಮುಖ ತೀರಾ ಬಡಕಲಾಗಿದ್ದರೆ ಮಾತ್ರ ಉಲ್ಟಾ ಮಾಡಿ.

ಕೆಳಗಿನಿಂದ ಹಾಕಿದರೆ?

ದೆವ್ವದ ಸಿನಿಮಾ. ಒಂದೇ ಒಂದು ಕಡೆ ಇದು ಒಪ್ಪುತ್ತದೆ: ದೀಪಾವಳಿಯಲ್ಲಿ ಕೈಯಲ್ಲಿ ಹಣತೆ ಹಿಡಿದಾಗ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಫೋಟೊದಲ್ಲೇ ಕಾಣುವುದರಿಂದ ನೋಡಿದವರು ಹೆದರುವುದಿಲ್ಲ. ಹಣತೆಯನ್ನು ಎದೆಯಿಂದ ಸ್ವಲ್ಪ ಮುಂದೆ, ಆದಷ್ಟು ಎತ್ತರಕ್ಕೆ ಹಿಡಿಸಿ. ಸೆರಗಿನ ಬಗ್ಗೆ ಎಚ್ಚರ.

ಲೈಟ್ ಎಷ್ಟು ದೂರ ಇರಬೇಕು?

ಹತ್ತಿರ. ನೀವು ಅಂದುಕೊಂಡದ್ದಕ್ಕಿಂತ ಹತ್ತಿರ.

ಬೆಳಕು ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಇದನ್ನು ಹಿನ್ನೆಲೆಗೆ ಹಾಕಿ ನೋಡಿ. ಕೂತವರಿಂದ ಹಿಂದಿನ ಗೋಡೆಗೆ ಒಂದು ಮೀಟರ್ ಇದೆ ಅಂತಿಟ್ಟುಕೊಳ್ಳಿ. ಲೈಟ್ ಅವರಿಂದ ಮೂರು ಮೀಟರ್ ದೂರ ಇದ್ದರೆ ಗೋಡೆಗೆ ಅವರ ಮುಖದ ಬೆಳಕಿನ ಅರ್ಧಕ್ಕಿಂತ ಜಾಸ್ತಿಯೇ ಸಿಗುತ್ತದೆ. ಲೈಟನ್ನು ಒಂದು ಮೀಟರಿಗೆ ತಂದರೆ ಗೋಡೆಗೆ ಕಾಲು ಭಾಗ. ಅರ್ಧ ಮೀಟರಿಗೆ ತಂದರೆ ಒಂಬತ್ತನೇ ಒಂದು ಭಾಗ. ಗೋಡೆ ಅದೇ, ಜಾಗ ಅದೇ. ಲೈಟ್ ಹತ್ತಿರ ಬಂದದ್ದಕ್ಕೆ ಬಿಳಿ ಗೋಡೆ ಕಪ್ಪುಬೂದು ಆಯಿತು.

ಲೈಟ್ ಫೋಟೊದೊಳಗೆ ಕಾಣಿಸಿಕೊಳ್ಳುವಷ್ಟು ಹತ್ತಿರ ತಂದು, ಆಮೇಲೆ ಒಂದು ಗೇಣು ಹಿಂದಕ್ಕೆ ಎಳೆಯಿರಿ. ನಾನು ಮಾಡುವುದು ಹೀಗೆ.

ಗಡುಸು ಬೆಳಕು ಒಳ್ಳೇದಾ, ಮೆದು ಬೆಳಕಾ?

ಮುಖದ ಮೇಲೆ ಹೋಗುತ್ತದೆ. ಬರೀ ಬಲ್ಬು ಚಿಕ್ಕದು, ಅದರ ನೆರಳಿನ ಅಂಚು ಚಾಕುವಿನ ಹಾಗೆ. ಚರ್ಮದ ಗುಳಿ, ಮೊಡವೆ, ಗಡ್ಡದ ಕೂಳೆ ಎಲ್ಲ ಎದ್ದು ಕಾಣುತ್ತದೆ. ಬಿಸಿಲಲ್ಲಿ ದುಡಿದ ಮುಖಕ್ಕೆ ನನಗೆ ಇದೇ ಇಷ್ಟ. ಮೆದು ಬೇಕಾದರೆ ಬೆಳಕಿನ ಮೈ ದೊಡ್ಡದಾಗಬೇಕು. ಬಾಗಿಲಿನ ಚೌಕಟ್ಟಿಗೆ ಒಂದು ಬಿಳಿ ಪಂಚೆ ಬಿಗಿಯಾಗಿ ಕಟ್ಟಿ, ಅದರ ಹಿಂದೆ ಎರಡು ಅಡಿ ಬಿಟ್ಟು ಬಲ್ಬ್ ಇಡಿ. ಬಲ್ಬನ್ನು ಪಂಚೆಗೆ ಅಂಟಿಸಿದರೆ ಪ್ರಯೋಜನವಿಲ್ಲ, ಆಗ ಒಂದು ಚಿಕ್ಕ ವೃತ್ತ ಮಾತ್ರ ಬೆಳಗುತ್ತದೆ. ಇಡೀ ಬಟ್ಟೆ ಬೆಳಗಬೇಕು. ಬೇಕರಿಯವರು ಬಳಸುವ ಬಟರ್ ಪೇಪರ್ ಕೂಡ ಆಗುತ್ತದೆ.

ಹಳೇ ಮದುವೆ ವಿಡಿಯೊದವರ ಹ್ಯಾಲೊಜನ್ ಲೈಟಿಗೆ ಮಾತ್ರ ಯಾವ ಬಟ್ಟೆಯನ್ನೂ ಹತ್ತಿರ ತರಬೇಡಿ. ಒಂದು ಪಂಚೆ ಸುಟ್ಟುಕೊಂಡವನ ಮಾತು ಇದು.

ಕ್ಯಾಮೆರಾ ಸೆಟ್ಟಿಂಗ್ ಹೇಳಿ.

ಎಲ್ಲವೂ ಮ್ಯಾನ್ಯುಯಲ್. ಆಟೊದಲ್ಲಿಟ್ಟರೆ ಕ್ಯಾಮೆರಾ ಕತ್ತಲು ನೋಡಿ ಗಾಬರಿಯಾಗಿ ಬೆಳಕು ಜಾಸ್ತಿ ಮಾಡುತ್ತದೆ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು, ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಶಟರ್ ಅಂದರೆ ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ.

ಅರ್ಧ ಮೀಟರ್ ದೂರದಲ್ಲಿ 12 ವ್ಯಾಟ್ ಬಲ್ಬ್ ಇದ್ದರೆ ಐಎಸ್‌ಒ 800, ಎಫ್ 2.8, ಶಟರ್ 1/100ರಿಂದ ಶುರುಮಾಡಿ. ಒಂದು ಮೀಟರ್ ದೂರದಲ್ಲಿ ಛತ್ರಿ ಹಾಕಿದ ಫ್ಲ್ಯಾಷ್ ಆದರೆ ಐಎಸ್‌ಒ 100, ಎಫ್ 5.6, ಶಟರ್ 1/160, ಫ್ಲ್ಯಾಷ್ 1/8 ಪವರ್. ಫ್ಲ್ಯಾಷ್ ಆಫ್ ಮಾಡಿ ಒಂದು ಫೋಟೊ ತೆಗೆದು ನೋಡಿ. ಪೂರ್ತಿ ಕಪ್ಪು ಬರಬೇಕು. ಬಂದರೆ ರೂಮಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಚಿಂತೆಯಿಲ್ಲ, ಫೋಟೊದಲ್ಲಿ ನಿಮ್ಮ ಫ್ಲ್ಯಾಷ್ ಒಂದೇ ಇರುತ್ತದೆ. ಶಟರ್ ಜಾಸ್ತಿ ವೇಗ ಮಾಡಿದರೆ ಫೋಟೊದ ಒಂದು ಕಡೆ ಕಪ್ಪು ಪಟ್ಟಿ ಬೀಳುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಆ ಮಿತಿ 1/160ರಿಂದ 1/250ರ ನಡುವೆ.

ಬೆಳಕು ಬಿದ್ದ ಕೆನ್ನೆಯನ್ನು ನೋಡಿ ಎಕ್ಸ್‌ಪೋಷರ್ ಇಡಿ, ನೆರಳಿನದನ್ನಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆಯಿರಿ.

ಬಲ್ಬಿನಲ್ಲಿ ತೆಗೆದರೆ ಅಡ್ಡ ಗೆರೆ ಗೆರೆ ಬರುತ್ತೆ!

ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಶಟರನ್ನು 1/100 ಅಥವಾ 1/50ಕ್ಕೆ ಇಳಿಸಿ, ಹೋಗುತ್ತದೆ.

ಫೋನಿನಲ್ಲಿ ಆಗುತ್ತಾ?

ಧಾರಾಳವಾಗಿ. ನೈಟ್ ಮೋಡ್ ಆಫ್ ಮಾಡಿ, ಎಚ್‌ಡಿಆರ್ ಆಫ್ ಮಾಡಲು ಬಂದರೆ ಅದನ್ನೂ ಆಫ್ ಮಾಡಿ. ಅವೆರಡೂ ನೆರಳು ಕಂಡರೆ ಸಾಕು, ತುಂಬಲು ಓಡಿಬರುತ್ತವೆ. ಬೆಳಕಿರುವ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಇನ್ನೊಂದು ಫೋನಿನ ಟಾರ್ಚೇ ನಿಮ್ಮ ಲೈಟ್.

ಕಣ್ಣು ಸತ್ತ ಹಾಗೆ ಕಾಣುತ್ತೆ.

ಕಣ್ಣಿನ ಕಪ್ಪಿನಲ್ಲಿ ಲೈಟಿನ ಚುಕ್ಕೆ ಬಿದ್ದಿಲ್ಲ. ಲೈಟ್ ತೀರಾ ಮೇಲಿದೆ, ಇಲ್ಲ ಹುಬ್ಬು ಮುಂದೆ ಚಾಚಿದೆ. ಗದ್ದ ಸ್ವಲ್ಪ ಎತ್ತಲು ಹೇಳಿ, ಅಥವಾ ಲೈಟನ್ನು ಚುಕ್ಕೆ ಕಾಣುವ ತನಕ ಇಳಿಸಿ. ಒಂದು ಕಣ್ಣಿನಲ್ಲಿ ಬಂದರೂ ಸಾಕು.

ಕನ್ನಡಕದಲ್ಲಿ ಲೈಟ್ ಹೊಳೆಯುತ್ತೆ.

ಲೈಟನ್ನು ಎತ್ತರಿಸಿ, ಪಕ್ಕಕ್ಕೆ ಸರಿಸಿ. ಹೋಗದಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯಿಂದ ಒಂದು ಚೂರು ಮೇಲೆತ್ತಿ ಕೂರಿಸಿ. ಗಾಜು ನೆಲದ ಕಡೆ ಬಾಗುತ್ತದೆ, ಹೊಳಪು ಕೆಳಕ್ಕೆ ಹೋಗುತ್ತದೆ. ಫೋಟೊದಲ್ಲಿ ಈ ಎತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮೈಬಣ್ಣ ಕಪ್ಪಿದ್ದರೆ ಲೈಟ್ ಜಾಸ್ತಿ ಬೇಕಾ?

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ, ನಮ್ಮ ಕಸುಬಿನವರ ಮೇಲೆ. ಕಪ್ಪಗಿರುವವರನ್ನು ಬೆಳ್ಳಗೆ ಮಾಡಿಕೊಡುವುದೇ ಫೋಟೊ ಅಂದುಕೊಂಡು ಎಷ್ಟು ಮದುಮಗಳ ಮುಖಕ್ಕೆ ಸುಣ್ಣ ಬಳಿದಿದ್ದೇವೋ. ನಾನೂ ಬಳಿದವನೇ.

ಕಪ್ಪು ಚರ್ಮದ ಚೆಲುವು ಅದರ ಹೊಳಪಿನಲ್ಲಿದೆ. ಲೈಟ್ ಜೋರು ಮಾಡಬೇಡಿ, ದೊಡ್ಡದು ಮಾಡಿ. ಪಂಚೆಯ ಹಿಂದಿನಿಂದ ಬರುವ ಬೆಳಕು ಪಕ್ಕದಿಂದ ಬಿದ್ದರೆ ಕೆನ್ನೆಮೂಳೆಯ ಮೇಲೆ, ಮೂಗಿನ ದಂಡಿಗೆಯ ಮೇಲೆ, ಗದ್ದದ ಮೇಲೆ ಉದ್ದನೆಯ ಮೆದು ಹೊಳಪು ಕೂರುತ್ತದೆ. ಆ ಹೊಳಪೇ ಮುಖದ ಆಕಾರವನ್ನು ಬರೆಯುತ್ತದೆ. ಪೌಡರ್ ಹಚ್ಚಿ ಅದನ್ನು ಸಾಯಿಸಬೇಡಿ. ಹಣೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೂ ತಪ್ಪಿಲ್ಲ. ಹಿನ್ನೆಲೆ ಪೂರ್ತಿ ಕಪ್ಪಾದರೆ ನೆರಳಿನ ಕಡೆ ತಲೆಯ ಅಂಚು ಕರಗಿಹೋಗುತ್ತದೆ. ಹಿನ್ನೆಲೆಗೆ ಕರಿ ಕಂಬಳಿ ಬದಲು ಬೂದು ಗೋಡೆ, ಹಳೇ ಮರದ ಬಾಗಿಲು ಇದ್ದರೆ ಚೆಂದ.

ಲೈಟೇ ಇಲ್ಲ. ಕಿಟಕಿ ಇದೆ.

ಅದೇ ಎಲ್ಲಕ್ಕಿಂತ ಒಳ್ಳೇದು. ಒಂದು ಕಿಟಕಿ ಬಿಟ್ಟು ಉಳಿದದ್ದು ಮುಚ್ಚಿ. ಉತ್ತರದ ಕಿಟಕಿಯಲ್ಲಿ ಬಿಸಿಲು ಬೀಳುವುದಿಲ್ಲ, ಬೆಳಕು ಸಮ ಇರುತ್ತದೆ ಅಂತ ಯುರೋಪಿನ ಪುಸ್ತಕಗಳಲ್ಲಿ ಓದಿ ನಂಬಿಕೊಂಡಿದ್ದೆ. ನಮ್ಮಲ್ಲಿ ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆ ಎರಡರ ನಡುವೆ ಅವನು ಇರುವುದೇ ಉತ್ತರದ ಕಡೆ. ಜೂನ್ ಬೆಳಗ್ಗೆ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಒಳಗೆ ಬಂದು ಕೂತಿರುತ್ತದೆ. ಅಲ್ಲಿಗೂ ಪಂಚೆಯೇ ಗತಿ.

ಹಳೇ ಹೆಂಚಿನ ಮನೆ ಸಿಕ್ಕರೆ ಬಿಡಬೇಡಿ. ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚು ಇರುತ್ತದಲ್ಲ, ಅದರ ಕೆಳಗೆ ನಿಲ್ಲಿಸಬೇಡಿ, ಕಣ್ಣು ಗುಳಿಬಿದ್ದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಮುಖ ಅದರ ಕಡೆ ಎತ್ತಿಸಿ. ಒಲೆಯ ಹೊಗೆ ಇದ್ದರೆ ಬೆಳಕಿನ ಕೋಲೇ ಕಾಣುತ್ತದೆ.

ಬರೀ ಬಿಸಿಲಿದ್ದರೆ?

ಕನ್ನಡಿ ತನ್ನಿ. ಮೈಸೂರಿನವರಾದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿಯ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೊದೊಳಗೆ ಇಳಿಸಿದ ಆ ಬೆಳಕಿನ ಕಂಬ ಯಾವ ದೊಡ್ಡ ಲೈಟಿನದ್ದೂ ಅಲ್ಲ. ಹೊರಗಿನ ಬಿಸಿಲನ್ನು ಎರಡು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ್ದು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ನಿಮಗೆ ಬೀರುವಿನ ಕನ್ನಡಿಯೊಂದು ಸಾಕು. ಅಂಗಳದಲ್ಲಿ ಒಬ್ಬರು ಹಿಡಿಯಲಿ, ಬೆಳಕು ಕತ್ತಲೆಯ ನಡುಮನೆಯ ಗೋಡೆಗೆ ಬೀಳಲಿ. ಮುಖದ ಮೇಲೆ ಬಿಡುವ ಮುಂಚೆ ಕಣ್ಣು ಮುಚ್ಚಿಸಿ, ಓರೆಯಾಗಿ ತನ್ನಿ. ಕಣ್ಣಿಗೆ ನೇರ ಬಿಡುವಂತಿಲ್ಲ. ಸೂರ್ಯ ಸರಿಯುತ್ತಲೇ ಇರುತ್ತಾನೆ, ಕನ್ನಡಿ ಹಿಡಿದವರಿಗೆ ಪುರುಸೊತ್ತಿರುವುದಿಲ್ಲ.

ಯಕ್ಷಗಾನದ ವೇಷ ತೆಗೆಯಬೇಕು. ಎದುರಿನ ಫ್ಲ್ಯಾಷ್‌ನಲ್ಲಿ ಕಿರೀಟವೆಲ್ಲ ಬಿಳಿಚಿಕೊಳ್ಳುತ್ತೆ.

ಎದುರಿನಿಂದ ಹೊಡೆದರೆ ಕಿರೀಟ, ಭುಜಕೀರ್ತಿಯ ಹೊಳಪೆಲ್ಲ ನೇರ ಲೆನ್ಸಿಗೆ ವಾಪಸ್. ಲೈಟನ್ನು ನೇರ ಪಕ್ಕಕ್ಕೆ ತನ್ನಿ. ತೆಂಕುತಿಟ್ಟಿನ (ಕರಾವಳಿಯ ದಕ್ಷಿಣ ಭಾಗದ ಶೈಲಿ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಮುಖದ ಮೇಲೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆ, ಚುಟ್ಟಿ, ಇಟ್ಟಿರುತ್ತಾರೆ. ಒಂದೊಂದು ಚುಟ್ಟಿಯೂ ಮುಖದಿಂದ ಮೇಲೆದ್ದಿರುತ್ತದೆ. ಪಕ್ಕದ ಬೆಳಕಿಗೆ ಒಂದೊಂದರ ಪಕ್ಕದಲ್ಲೂ ಒಂದೊಂದು ನೆರಳು ಬಿದ್ದು ಮುಖ ಕೆತ್ತಿದ ಹಾಗಾಗುತ್ತದೆ. ಈ ವೇಷಗಳು ದೀವಟಿಗೆಯ ಬೆಳಕಿನಲ್ಲಿ ಬೆಳೆದು ಬಂದವು, ಟ್ಯೂಬ್‌ಲೈಟಿನಲ್ಲಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಫ್ಲ್ಯಾಷ್ ಹೊಡೆದು ಕಾಟ ಕೊಡಬೇಡಿ. ಅವರ ಕನ್ನಡಿಯ ಪಕ್ಕದ ಬಲ್ಬೇ ಸಾಕು, ಕೇಳಿಕೊಂಡು ತೆಗೆಯಿರಿ.

ಕ್ಯಾಮೆರಾದಲ್ಲಿ ಚೆನ್ನಾಗಿತ್ತು, ಪ್ರಿಂಟ್ ಇದ್ದಲಿನ ಹಾಗೆ ಬಂತು.

ನನಗೂ ಆಗಿದೆ. ಕತ್ತಲೆ ರೂಮಿನಲ್ಲಿ ಹೊಳೆಯುವ ಸ್ಕ್ರೀನ್ ನೋಡಿ ನೆರಳಲ್ಲಿ ಬೇಕಾದಷ್ಟು ವಿವರ ಇದೆ ಅಂದುಕೊಂಡೆ. ದೊಡ್ಡ ಪ್ರಿಂಟ್ ಹಾಕಿಸಿದರೆ ಒಂದು ಕೆನ್ನೆ, ಒಂದು ಕಿವಿ, ಉಳಿದದ್ದೆಲ್ಲ ಮಸಿ. ಲ್ಯಾಬಿನವರ ತಪ್ಪಲ್ಲ, ನನ್ನದೇ. ಈಗ ಸ್ಕ್ರೀನಿನ ಬೆಳಕು ಅರ್ಧಕ್ಕಿಳಿಸಿ, ಫೋಟೊದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಅಂತ ತೋರಿಸುವ ಹಿಸ್ಟೊಗ್ರಾಮ್ ನೋಡಿ, ಮೊದಲು ಒಂದು ಅಂಚೆ ಕಾರ್ಡಿನಷ್ಟು ಪ್ರಿಂಟ್ ಹಾಕಿಸಿ ನೋಡುತ್ತೇನೆ.

ಮನೆಯವರು ‘ಇನ್ನರ್ಧ ಮುಖ ಎಲ್ಲಿ ಹೋಯ್ತು’ ಅಂತ ಕೇಳಿದರೆ?

ಕೇಳಿಯೇ ಕೇಳುತ್ತಾರೆ. ವಾದ ಮಾಡಬೇಡಿ. ಕಂಬಳಿ ಹಿಡಿದವರ ಕೈಗೆ ಅದರ ಬದಲು ಒಂದು ಬಿಳಿ ಥರ್ಮಾಕೋಲ್ ಹಾಳೆ ಕೊಟ್ಟು ಅದೇ ಜಾಗದಲ್ಲಿ ನಿಲ್ಲಿಸಿ. ನೆರಳಿನ ಕೆನ್ನೆ ತಿಳಿಯಾಗುತ್ತದೆ. ಅವರಿಗೆ ಅದು, ನಿಮಗೆ ಇದು. ಅತ್ತೆಯ ಮನೆಯ ಹಾಲ್‌ನಲ್ಲಿ ಈಗಲೂ ನೇತಾಡುತ್ತಿರುವುದು ಥರ್ಮಾಕೋಲಿನ ಫೋಟೊ. ಎರಡೂ ಓಲೆ ಕಾಣಬೇಕು ಅಂತ ಅವರೇ ಆರಿಸಿದ್ದು.